ನಾರುಹುಣ್ಣೂ ಜನರ ಮನಸ್ಸೂ

ನಮ್ಮ ಶಾಲೆಯ ಮಕ್ಕಳನ್ನು ‘ನಾರು’ ಎಂದರೇನೆಂದು ಕೇಳಿದರೆ ಪುಂಡಿಯ ನಾರು, ಬಾಳೆಯ ನಾರು ಎಂದು ಹೇಳುವರು. ಅದೇ ಪ್ರಶ್ನೆಯನ್ನು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜನಿಗೋ ಅಜ್ಜಿಗೋ ಕೇಳಿದರೆ, ಅವರು ಉತ್ತರ ಹೇಳುವ ಮೊದಲು ಒಮ್ಮೆ ತಮ್ಮ ಕಾಲಿನ ಕಡೆಗೆ ನೋಡಿಕೊಂಡಾರು. ಮರಾಠಿಯವರು ‘ನಾರೂ’ ಎಂದೂ ಕನ್ನಡಿಗರು ‘ನಾರುಹುಣ್ಣು’ ಎಂದೂ ಕರೆಯುತ್ತಿದ್ದ ಒಂದು ಬೇನೆಯ ನೆನಪು ಆ ನೋಟದಲ್ಲಿರುತ್ತದೆ. ಮರಾಠವಾಡವೆಲ್ಲ, ಗಡಿಯ ಆಚೆಗೆ ಕಲಬುರ್ಗಿ, ರಾಯಚೂರು, ವಿಜಯಪುರ, ಬಳ್ಳಾರಿಗಳ ಒಣಭೂಮಿಯೆಲ್ಲ ಈ ಬೇನೆಯ ಬೀಡಾಗಿದ್ದ ಕಾಲವೊಂದಿತ್ತು. ಈಗ ಅದು ಇಲ್ಲ. ಭಾರತದ ಕೊನೆಯ ಪ್ರಕರಣವು ೧೯೯೬ನೆಯ ಇಸವಿ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದಿತು. ೨೦೦೦ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ಸಾರಿತು.

ಬೇನೆಗಳು ಹೋಗುವದು ಹೊಸದಲ್ಲ. ಸಿಡುಬೂ ಹೋಯಿತು. ಆದರೆ ಸಿಡುಬು ಹೋದದ್ದು ಲಸಿಕೆಯಿಂದ. ನಾರುಹುಣ್ಣಿಗೆ ಲಸಿಕೆ ಅಂದೂ ಇರಲಿಲ್ಲ, ಇಂದಿಗೂ ಇಲ್ಲ. ಮೈಯೊಳಗಿನ ಹುಳವನ್ನು ಕೊಲ್ಲುವ ಔಷಧವೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಒಬ್ಬನಿಗೆ ವರುಷ ವರುಷವೂ ಬರಬಹುದಾಗಿತ್ತು. ಹಾಗಾದರೆ ಅದು ಹೋದದ್ದು ಹೇಗೆ? ಸಾವಿರಾರು ಹಳ್ಳಿಗಳ ಜನರು ತಾವು ನೀರು ತರುವ, ಕುಡಿಯುವ, ನೀರಿಗೆ ಇಳಿಯುವ ರೀತಿಯನ್ನು ಬದಲಿಸಿಕೊಂಡದ್ದರಿಂದ ಹೋಯಿತು. ಬಾವಿಗಳ ದುರಸ್ತಿ, ಕೈಪಂಪು, ನೀರಿಗೆ ಹಾಕುವ ಔಷಧ ಇವೆಲ್ಲವೂ ಸಹಾಯಕವಾದವು ನಿಜ. ಆದರೆ ಅವುಗಳಲ್ಲಿ ಯಾವದೂ ಜನರ ಒಪ್ಪಿಗೆಯಿಲ್ಲದೆ ನಡೆಯುವ ಕೆಲಸವಾಗಿರಲಿಲ್ಲ. ಆದುದರಿಂದ ಆರೋಗ್ಯದ ವಿಷಯದಲ್ಲಿ ಮನುಷ್ಯನ ಮನಸ್ಸು ಹೇಗೆ ನಿರ್ಧಾರ ಮಾಡುವದು, ಅವನಿಗೆ ಹಿತವನ್ನು ಹೇಳುವದು ಹೇಗೆ ಎಂಬ ವಿಚಾರಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ನಮಗೆ ದೊರೆಯದು.

ಮೊದಲು ಬೇನೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಒಂದು ಜಲಚರವಿರುತ್ತದೆ. ಎಳ್ಳಿನ ಕಾಳಿಗಿಂತಲೂ ಸಣ್ಣದು. ತಲೆಯಲ್ಲಿ ಒಂದೇ ಕಣ್ಣು. ನಾರುಹುಳದ ಮರಿಗಳು ನೀರಿಗೆ ಬಿದ್ದಾಗ ಈ ಜಲಚರವು ಅವನ್ನು ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ಅದರ ಹೊಟ್ಟೆಯಲ್ಲಿ ಬಲಿಯುತ್ತವೆ. ಆ ನೀರನ್ನು ಮನುಷ್ಯನು ಸೋಸದೆ ಕುಡಿದರೆ ಜಲಚರವು ಜಠರದಲ್ಲಿ ಸಾಯುವದು, ಮರಿಗಳು ಮಾತ್ರ ಬದುಕಿ ಮೈಯೊಳಗೆ ಸೇರುವವು. ಮರಿಗಳು ಬೆಳೆದು, ಹೆಣ್ಣು ಹುಳವು ಎರಡು-ಮೂರು ಅಡಿ ಉದ್ದವಾಗಿ, ಶಾವಿಗೆಯ ಎಳೆಯಂತೆ ಚರ್ಮದ ಕೆಳಗೆ ಸರಿಯುತ್ತ ಬಹುತೇಕ ಕಾಲಿಗೇ ಇಳಿಯುವದು. ಅಲ್ಲಿ ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳದೆ ರೋಗಿಯು ಬಾವಿಗೆ ಇಳಿದು ತಣ್ಣೀರಿನಲ್ಲಿ ಕಾಲು ಇಡುವನು. ಬೊಬ್ಬೆ ಒಡೆದು ಹುಳದ ತುದಿ ಹೊರಗೆ ಬಂದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಚೆಲ್ಲುವದು. ಮತ್ತೆ ಅದೇ ಸುತ್ತು. ಸುಮಾರು ೧೮೭೦ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸೈ ಫೆಡ್ಚೆಂಕೊ ಎಂಬವರು ತುರ್ಕಿಸ್ತಾನದಲ್ಲಿ ಈ ಸುತ್ತಿನ ಗುಟ್ಟನ್ನು, ಅಂದರೆ ಹುಳಕ್ಕೂ ಸೈಕ್ಲಾಪ್ಸಿಗೂ ಇರುವ ನಂಟನ್ನು, ಕಂಡುಹಿಡಿದರು.

ಹೊರಬಂದ ಹುಳವನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯುವದೇ ಅಂದಿನ ಚಿಕಿತ್ಸೆ; ಇಂದು ಈ ಬೇನೆ ಉಳಿದಿರುವ ಆಫ್ರಿಕದ ಕೆಲವು ನಾಡುಗಳಲ್ಲಿಯೂ ಅದೇ. ವಾರಗಟ್ಟಲೆ ಹಿಡಿಯುವ ಕೆಲಸ. ಅವಸರಪಟ್ಟು ಎಳೆದರೆ ಹುಳ ಹರಿದು, ಕಾಲು ಬಾತು, ಕೀವಾಗಿ, ಕೆಲವರಿಗೆ ಕೀಲೇ ಹಿಡಿದುಹೋಗುತ್ತಿತ್ತು. ಸಾವು ಅಪರೂಪ. ಆದರೆ ನಮ್ಮ ದಖ್ಖಣದಲ್ಲಿ ಬಾವಿಗಳ ನೀರು ತಳಕ್ಕೆ ಇಳಿದಾಗ, ಅಂದರೆ ಬೇಸಿಗೆಯಲ್ಲಿ, ಈ ಸೋಂಕು ಹೆಚ್ಚು. ಹುಳವು ಮೈಯಲ್ಲಿ ಬಲಿಯಲು ಸುಮಾರು ಒಂದು ವರುಷ ಬೇಕು. ಆದುದರಿಂದ ಅದು ಹೊರಬೀಳುವದೂ ಮರುವರುಷದ ಬೇಸಿಗೆಯಲ್ಲಿಯೇ. ಮಿರಗದ ಮಳೆ ಬಿದ್ದು ಕೂರಿಗೆ ಹೂಡುವ ಹೊತ್ತಿಗೆ ಒಕ್ಕಲಿಗನು ಹಾಸಿಗೆ ಹಿಡಿದಿರುತ್ತಿದ್ದನು. ಬಿತ್ತಿಗೆಯ ಹದ ತಪ್ಪಿದ ಮನೆಯಲ್ಲಿ ಆ ವರುಷದ ಊಟ ಹೇಗಿರುವದೆಂಬುದನ್ನು ನಮ್ಮ ಪಾಲಕರಿಗೆ ವಿವರಿಸಬೇಕಾಗಿಲ್ಲ. ಮಗುವಿಗೆ ಬಂದರೆ ಶಾಲೆ ತಪ್ಪುತ್ತಿತ್ತು. ತಾಯಿಗೆ ಬಂದರೆ ಮಕ್ಕಳೆಲ್ಲರ ಶಾಲೆಯೂ ತಪ್ಪುತ್ತಿತ್ತು.

ಇಷ್ಟು ಕಷ್ಟ ಕೊಡುವ ಬೇನೆಯನ್ನು ತಪ್ಪಿಸಲು ಬೇಕಾದದ್ದು ಬಿಗಿಯಾದ ನೇಯ್ಗೆಯ ಒಂದು ಅರಿವೆ. ಅದನ್ನು ಹರವಿಯ ಬಾಯಿಗೆ ಕಟ್ಟಿ ನೀರು ಸುರಿದರೆ ಸೈಕ್ಲಾಪ್ಸ್ ಮೇಲೆಯೇ ಉಳಿಯುವದು. ಇಷ್ಟು ಸುಲಭವಾದ ಉಪಾಯ ತಿಳಿದ ಮೇಲೆಯೂ ನೂರು ವರುಷಗಳವರೆಗೆ ಬೇನೆ ಏಕೆ ನಡೆದುಬಂದಿತು? ‘ಹಳ್ಳಿಯ ಜನ ಅಜ್ಞಾನಿಗಳು’ ಎಂಬ ಉತ್ತರ ಹಳೆಯ ಬರವಣಿಗೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾವು ಈ ಉತ್ತರವನ್ನು ಒಪ್ಪುವದಿಲ್ಲ. ಕೂರಿಗೆಯ ತಾಳು ಎಷ್ಟು ಆಳಕ್ಕೆ ಇಳಿಯಬೇಕು, ಯಾವ ಮೋಡ ಮಳೆ ತರುವದು, ಯಾವ ಎತ್ತಿಗೆ ಹೊಟ್ಟೆ ಉಬ್ಬಿದೆ ಎಂಬುದನ್ನು ನೋಡಿದ ಮಾತ್ರಕ್ಕೆ ಹೇಳಬಲ್ಲ ಜನರು ತಮ್ಮ ಕಾಲಿನ ಹುಣ್ಣಿನ ವಿಷಯದಲ್ಲಿ ಮಾತ್ರ ಮಂದಬುದ್ಧಿಯವರಾದರೆಂದು ನಂಬುವದು ಕಠಿಣ. ಕಾರಣವು ಬೇರೆ ಕಡೆ ಇದೆ.

ಮಗುವು ಕೆಂಡವನ್ನು ಒಮ್ಮೆ ಮುಟ್ಟಿದರೆ ಸಾಕು, ಎರಡನೆಯ ಸಲ ಮುಟ್ಟದು. ಕೈ ಸುಟ್ಟದ್ದು ಕೂಡಲೆ; ಯಾತರಿಂದ ಸುಟ್ಟಿತೆಂಬ ಸಂಶಯಕ್ಕೆ ಎಡೆಯೇ ಇಲ್ಲ. ಮನಸ್ಸು ಕಾರ್ಯ-ಕಾರಣಗಳನ್ನು ಜೋಡಿಸುವದು ಹೀಗೆ: ಒಂದರ ಹಿಂದೆ ಇನ್ನೊಂದು ತಡವಿಲ್ಲದೆ ಬರಬೇಕು. ಕೆಂಡವು ಇಂದು ಮುಟ್ಟಿದರೆ ಮುಂದಿನ ಯುಗಾದಿಗೆ ಸುಡುವಂತಿದ್ದರೆ ನಾವೆಲ್ಲರೂ ಕೆಂಡವನ್ನು ಮುಟ್ಟುತ್ತಲೇ ಇರುತ್ತಿದ್ದೆವು. ನಾರುಹುಣ್ಣಿನ ಸ್ಥಿತಿ ಹಾಗೆಯೇ. ಈ ಯುಗಾದಿಯ ಸುಮಾರಿಗೆ ಕುಡಿದ ನೀರು ಮುಂದಿನ ಯುಗಾದಿಯ ಹೊತ್ತಿಗೆ ಕಾಲಿನಲ್ಲಿ ಹೊರಬೀಳುವದು. ನಡುವೆ ಒಂದು ವರುಷದ ಊಟ, ಪ್ರವಾಸ, ಜಾತ್ರೆ, ಜ್ವರ, ಜಗಳ ಎಲ್ಲವೂ ನಡೆದುಹೋಗಿರುತ್ತವೆ. ಹುಣ್ಣಿಗೆ ಕಾರಣ ಹುಡುಕುವವನು ಮೊನ್ನೆ ತಿಂದದ್ದನ್ನು, ನಿನ್ನೆ ತುಳಿದದ್ದನ್ನು ನೆನೆಯುವನೇ ಹೊರತು ಹೋದ ವರುಷ ಒಂದು ಮಧ್ಯಾಹ್ನ ಕುಡಿದ ಒಂದು ತಂಬಿಗೆ ನೀರನ್ನಲ್ಲ.

ಇದರ ಮೇಲೆ ಇನ್ನೊಂದು ತೊಡಕು. ಒಂದೇ ಬಾವಿಯ ನೀರನ್ನು ಊರೆಲ್ಲ ಕುಡಿಯುವದು. ಹುಣ್ಣು ಮಾತ್ರ ಎಲ್ಲರಿಗೂ ಏಳುವದಿಲ್ಲ. ‘ನೀರಿನಿಂದ ಬರುವದಾದರೆ ನನ್ನ ತಮ್ಮನಿಗೇಕೆ ಬರಲಿಲ್ಲ?’ ಎಂದು ಕೇಳಿದವನನ್ನು ದಡ್ಡನೆನ್ನಲಾಗದು. ಅದು ತರ್ಕದ ಪ್ರಶ್ನೆಯೇ. ಒಂದು ತಂಬಿಗೆಯಲ್ಲಿ ಸೋಂಕಿದ ಜಲಚರ ಇರುವದೂ ಇನ್ನೊಂದರಲ್ಲಿ ಇಲ್ಲದಿರುವದೂ ಯೋಗಾಯೋಗದ ಮಾತು. ಇಂಥ ಸಂಭವದ ಲೆಕ್ಕವನ್ನು ನಮ್ಮ ಮನಸ್ಸು ಸಹಜವಾಗಿ ಮಾಡದು. ಅದಕ್ಕೆ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಬೇಕು. ‘ಹತ್ತರಲ್ಲಿ ಮೂವರಿಗೆ’ ಎಂಬ ಉತ್ತರವು ಓದಿದವರಿಗೂ ಅಷ್ಟಾಗಿ ರುಚಿಸುವದಿಲ್ಲ. ಬೀಡಿ ಸೇದುವ ಪದವೀಧರನು ‘ನಮ್ಮ ಮುತ್ಯಾ ತೊಂಬತ್ತು ವರುಷ ಸೇದಿದ’ ಎಂದು ಹೇಳುವದನ್ನು ನಾವು ಕೇಳಿದ್ದೇವೆ.

ಮತ್ತು ಬಾವಿ ಎಂದರೆ ಬರಿಯ ನೀರಲ್ಲ. ನಮ್ಮ ಸೀಮೆಯ ಕಪ್ಪು ಕಲ್ಲಿನ ಮೆಟ್ಟಿಲು ಬಾವಿಗಳನ್ನು ನೋಡಿದವರಿಗೆ ಇದು ತಿಳಿಯುವದು. ಮರಾಠಿಯಲ್ಲಿ ‘ಬಾರವ’ ಎನ್ನುವರು. ಯಾರೋ ಪುಣ್ಯವಂತರು ಹಿರಿಯರ ಹೆಸರಿನಲ್ಲಿ ಕಟ್ಟಿಸಿದ್ದು; ಗೋಡೆಯ ಗೂಡಿನಲ್ಲಿ ದೇವರಿರುವದು; ಮದುವೆಯಾಗಿ ಬಂದ ಸೊಸೆ ಮೊದಲು ಕೊಡ ಹೊತ್ತು ಮೆಟ್ಟಿಲು ಇಳಿದದ್ದು ಅಲ್ಲಿಯೇ. ನೀರು ಕಣ್ಣಿಗೆ ತಿಳಿಯಾಗಿ, ನಾಲಿಗೆಗೆ ಸಿಹಿಯಾಗಿ ಇರುವದು. ಅಂಥ ಬಾವಿಯ ಎದುರು ನಿಂತು ಪರಊರಿನ ನೌಕರನೊಬ್ಬನು ‘ಈ ನೀರು ಕೆಟ್ಟದ್ದು’ ಎಂದರೆ ಕೇಳಿದವರಿಗೆ ಹಿರಿಯರನ್ನು ಬೈದಂತೆ ಆಗುವದು. ಅವರು ಬೇನೆಯ ವಿಚಾರವನ್ನು ಬಿಟ್ಟು ಬಾವಿಯ ಮಾನವನ್ನು ಕಾಯಲು ನಿಲ್ಲುವರು. ಬೋರಿನ ನೀರು ಒಗರು, ಬೇಳೆ ಬೇಯುವದಿಲ್ಲ ಎಂಬ ಆಕ್ಷೇಪವೂ ಹಲವು ಕಡೆ ಸುಳ್ಳಾಗಿರಲಿಲ್ಲ.

೧೯೮೩-೮೪ರಲ್ಲಿ ಭಾರತ ಸರಕಾರವು ನಾರುಹುಣ್ಣಿನ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ ಎದುರಿಗಿದ್ದ ಪರಿಸ್ಥಿತಿ ಇದು. ೧೯೮೪ರ ಎಣಿಕೆಯಲ್ಲಿ ೧೨,೦೦೦ಕ್ಕೂ ಮಿಕ್ಕಿ ಹಳ್ಳಿಗಳಲ್ಲಿ ಸುಮಾರು ೪೦,೦೦೦ ರೋಗಿಗಳು ಇದ್ದರು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕಗಳಲ್ಲಿ ಬೇನೆ ಹರಡಿತ್ತು. ಕಾರ್ಯಕರ್ತರು ವರುಷದಲ್ಲಿ ಹಲವು ಸಲ ಮನೆ ಮನೆಗೆ ತಿರುಗಿ ರೋಗಿಗಳನ್ನು ಹುಡುಕಿದರು. ಹುಣ್ಣು ಇದ್ದವರ ಕಾಲಿಗೆ ಪಟ್ಟಿ ಕಟ್ಟಿ, ನೀರಿಗೆ ಇಳಿಯದಂತೆ ತಿಳಿಸಿದರು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಕೈಪಂಪುಗಳನ್ನು ಕೂಡಿಸಲಾಯಿತು, ಸೈಕ್ಲಾಪ್ಸನ್ನು ಕೊಲ್ಲುವ ಟೆಮೆಫಾಸ್ ಎಂಬ ಔಷಧವನ್ನು ಅಳತೆ ಮಾಡಿ ನೀರಿಗೆ ಹಾಕಲಾಯಿತು, ಸೋಸುವ ಅರಿವೆಗಳನ್ನು ಹಂಚಲಾಯಿತು. ಬೇನೆ ತೀರ ಕಡಿಮೆಯಾದ ಮೇಲೆ, ಹೊಸ ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವನ್ನೂ ಸಾರಲಾಯಿತು. ಈ ಬಹುಮಾನದಲ್ಲಿ ಒಂದು ಸೂಕ್ಷ್ಮವಿದೆ. ಬೇನೆಯನ್ನು ಮುಚ್ಚಿಡುವದು ಲಾಭವಾಗಿದ್ದ ಕಡೆ ಬಿಚ್ಚಿ ಹೇಳುವದು ಲಾಭವಾಯಿತು.

ಈ ಕ್ರಮಗಳಲ್ಲಿ ಅರಿವೆಯ ಗೆಲವು ವಿಶೇಷ ವಿಚಾರಕ್ಕೆ ಯೋಗ್ಯವಾದದ್ದು. ‘ಬಾವಿಯನ್ನು ಬಿಡಿರಿ’ ಎಂಬ ಮಾತಿಗಿಂತ ‘ಬಾವಿಯ ನೀರನ್ನೇ ಸೋಸಿ ಕುಡಿಯಿರಿ’ ಎಂಬ ಮಾತು ಹೆಚ್ಚು ನಡೆಯುವದು. ಮೊದಲನೆಯದು ಜನರಿಂದ ಒಂದನ್ನು ಕಿತ್ತುಕೊಳ್ಳುವದು. ಎರಡನೆಯದು ಇದ್ದುದಕ್ಕೆ ಒಂದನ್ನು ಕೂಡಿಸುವದು. ಸೋಸುವದು ನಮ್ಮವರಿಗೆ ಹೊಸ ಕೆಲಸವೂ ಅಲ್ಲ. ಹಾಲು, ಕಷಾಯ, ಹುಣಸೆ ಹುಳಿ ಯಾವ ಮನೆಯಲ್ಲಿ ಸೋಸುವದಿಲ್ಲ? ಅದಲ್ಲದೆ ಅರಿವೆಯು ತನ್ನ ಸಾಕ್ಷಿಯನ್ನು ತಾನೇ ಒದಗಿಸುವದು. ಸೋಸಿದ ಅರಿವೆಯನ್ನು ಗಾಜಿನ ಲೋಟದ ನೀರಿನಲ್ಲಿ ಅಲುಗಿಸಿ ಬಿಸಿಲಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ಜಿಗಿಜಿಗಿದು ಓಡಾಡುವವು. ವರುಷದಾಚೆಯ ಕಾರಣವನ್ನು ಈಗಲೇ ಕಣ್ಣೆದುರಿಗೆ ತಂದು ನಿಲ್ಲಿಸಿದಂತಾಯಿತು. ಹತ್ತು ಭಾಷಣಗಳು ಮಾಡದ ಕೆಲಸವನ್ನು ಆ ಲೋಟವು ಮಾಡಬಲ್ಲದು. ಹೈಸ್ಕೂಲಿನ ವಿದ್ಯಾರ್ಥಿಗಳು ಯಾವದಾದರೂ ಕೆರೆಯ ನೀರನ್ನು ತಂದು ಭೂತಗನ್ನಡಿಯಿಂದ ಇದನ್ನು ನೋಡಬಹುದು. ಸೈಕ್ಲಾಪ್ಸ್ ಇಂದಿಗೂ ನಮ್ಮ ನೀರಿನಲ್ಲಿ ಇದೆ, ಹೋದದ್ದು ಅದರೊಳಗಿನ ಹುಳ ಮಾತ್ರ.

ಹೇಳುವವರು ಯಾರು ಎಂಬುದು ಹೇಳುವ ಮಾತಿನಷ್ಟೇ ಮುಖ್ಯ. ನೀರು ತರುವವರು ಹೆಂಗಸರು. ಚಾವಡಿಯಲ್ಲಿ ಗಂಡಸರನ್ನು ಕೂಡಿಸಿ ನೀರಿನ ವಿಷಯ ಹೇಳಿದರೆ ಆ ಮಾತು ಅಡಿಗೆಯ ಮನೆಗೆ ಮುಟ್ಟುವ ಹೊತ್ತಿಗೆ ಅರ್ಧವಾಗಿರುತ್ತದೆ. ಇನ್ನು ಭಾಷೆಯ ಮಾತು. ನಾವಿರುವದು ಗಡಿನಾಡಿನಲ್ಲಿ. ಸರಕಾರದ ಪತ್ರಕವು ಮರಾಠಿಯಲ್ಲಿ ಬರುವದು ಸಹಜ. ನಮ್ಮವರಲ್ಲಿ ಹೆಚ್ಚಿನವರು ಮರಾಠಿಯನ್ನು ಬಲ್ಲರು, ಪೇಟೆಯಲ್ಲಿ ಧಾರಾಳವಾಗಿ ಆಡುವರು. ಆದರೆ ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿಯು ವಿಚಾರ ಮಾಡುವದು ತನ್ನ ಮನೆಮಾತಿನಲ್ಲಿ. ಪೇಟೆಯ ಮಾತಿನಲ್ಲಿ ಕೇಳಿದ್ದು ತಿಳಿಯುವದು, ಮನೆಮಾತಿನಲ್ಲಿ ಕೇಳಿದ್ದು ನಾಟುವದು. ಎರಡನ್ನೂ ಓದಬಲ್ಲ ಮಗುವೊಂದು ಮನೆಯಲ್ಲಿದ್ದರೆ ಆ ಪತ್ರಕವನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ಅದರದು. ಅಕ್ಷರ ಕಲಿತ ಮಗುವಿನಿಂದ ಮನೆಗೆ ದೊರೆಯುವ ಮೊದಲ ಸಂಬಳವೆಂದು ನಾವು ಇದನ್ನು ತಿಳಿಯುತ್ತೇವೆ.

ಬಲಾತ್ಕಾರದಿಂದ ಈ ಕೆಲಸ ಬೇಗ ಆಗಲಾರದೆ ಎಂದು ಕೆಲವರು ಕೇಳುವರು. ಅದರ ಪರೀಕ್ಷೆಯೂ ನಮ್ಮ ಪ್ರಾಂತದಲ್ಲಿಯೇ ಆಗಿಹೋಗಿದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಮರುವರುಷ ಪುಣೆಯಲ್ಲಿ ಹಾವಳಿ ಮಾಡಿತು. ಅಲ್ಲಿಯ ಪ್ಲೇಗು ಅಧಿಕಾರಿ ರ‍್ಯಾಂಡನ ಕೈಕೆಳಗೆ ಸಿಪಾಯಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ದೇವರ ಮನೆ, ಹೆಂಗಸರ ಕೋಣೆ ಯಾವದನ್ನೂ ಬಿಡಲಿಲ್ಲ. ಜನರು ರೋಗಕ್ಕಿಂತ ಹುಡುಕುವವರಿಗೆ ಹೆಚ್ಚು ಅಂಜಿ ರೋಗಿಗಳನ್ನು ಅಡಗಿಸತೊಡಗಿದರು. ೧೮೯೭ನೆಯ ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನಿಗೆ ಗುಂಡು ಹಾಕಿದ ಸಂಗತಿಯನ್ನು ವಿದ್ಯಾರ್ಥಿಗಳು ಇತಿಹಾಸದಲ್ಲಿ ಓದಿದ್ದಾರೆ.

ಅದೇ ಕಾಲದಲ್ಲಿ ಇನ್ನೊಂದು ರೀತಿಯ ಕೆಲಸವೂ ನಡೆದಿತ್ತು. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ನೆಯ ಜನೆವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ೧೮೯೮ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಮುತ್ತಿದಾಗ ಡಾ. ಲ್ಯೂಮನ್ ಎಂಬವರ ಮೇಲ್ವಿಚಾರಣೆಯಲ್ಲಿ ೩೦,೦೦೦ಕ್ಕೂ ಹೆಚ್ಚು ಜನರು ಈ ಲಸಿಕೆಯನ್ನು ಚುಚ್ಚಿಸಿಕೊಂಡರು. ಅಂದಿನ ಹುಬ್ಬಳ್ಳಿಯ ಜನಸಂಖ್ಯೆಯು ಐವತ್ತು ಸಾವಿರದ ಆಸುಪಾಸು ಎಂಬುದನ್ನು ಲಕ್ಷ್ಯದಲ್ಲಿಟ್ಟರೆ ಇದು ಸಣ್ಣ ಮಾತಲ್ಲ. ಲಸಿಕೆಗೆ ಅಂಜದ ಊರು ಎಲ್ಲಿಯೂ ಇರಲಿಲ್ಲ, ಹುಬ್ಬಳ್ಳಿಯವರೂ ಅಂಜಿದ್ದಾರು. ಆದರೆ ಬಳಗದವರೂ ಓಣಿಯವರೂ ಹಾಕಿಸಿಕೊಂಡು ಮರುದಿನ ಜ್ವರ ಬಂದು, ಮೂರನೆಯ ದಿನ ಎದ್ದು ಓಡಾಡುವದನ್ನು ಕಂಡ ಮೇಲೆ ಅಂಜಿಕೆಗೆ ಜಾಗ ಕಡಿಮೆ.

ಆದರೆ ನಂಬಿಕೆ ಎಂಬುದು ಕಟ್ಟಲು ತಿಂಗಳುಗಳು, ಕೆಡಲು ಒಂದು ದಿನ. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಒಂದು ಶೀಶೆಯ ಲಸಿಕೆಯಲ್ಲಿ ಧನುರ್ವಾಯುವಿನ ವಿಷ ಸೇರಿ ೧೯ ಜನರು ತೀರಿಹೋದರು. ತಪ್ಪು ಪ್ರಯೋಗಶಾಲೆಯದಲ್ಲ, ಶೀಶೆಯನ್ನು ತೆರೆಯುವಲ್ಲಿ ಆದ ಅಶುದ್ಧಿಯದು ಎಂದು ಗೊತ್ತಾಗಿ ಹಾಫ್‌ಕಿನ್ ದೋಷಮುಕ್ತನಾಗಲು ೧೯೦೭ರವರೆಗೆ ಕಾಯಬೇಕಾಯಿತು. ಬದುಕಿ ಉಳಿದ ಸಾವಿರಾರು ಜನರು ಸುದ್ದಿಯಾಗಲಿಲ್ಲ. ಆ ೧೯ ಜನರು ಆದರು. ಇದರಲ್ಲಿ ಆಶ್ಚರ್ಯವಿಲ್ಲ. ತಪ್ಪಿದ ಬೇನೆಯು ಕಣ್ಣಿಗೆ ಕಾಣುವದಿಲ್ಲ, ಬಂದ ಅನಾಹುತ ಮಾತ್ರ ಕಾಣುವದು. ೨೦೨೧ರಲ್ಲಿ ಕೋವಿಡ್ ಲಸಿಕೆ ಬಂದಾಗ ಮೊಬೈಲುಗಳಲ್ಲಿ ಹರಿದಾಡಿದ ಸುದ್ದಿಗಳನ್ನು ನೆನೆದರೆ ನೂರಿಪ್ಪತ್ತು ವರುಷಗಳಲ್ಲಿ ನಮ್ಮ ಮನಸ್ಸು ಬಹಳವೇನೂ ಬದಲಾಗಿಲ್ಲವೆಂದು ತಿಳಿಯುತ್ತದೆ. ಬದಲಾದದ್ದು ಸುದ್ದಿಯ ವೇಗ. ಹಾಗೆಂದು ಸಂಶಯಪಟ್ಟವರನ್ನು ನಗುವದೂ ತರವಲ್ಲ. ನಕ್ಕವರ ಮಾತನ್ನು ಯಾರೂ ಎರಡನೆಯ ಸಲ ಕೇಳುವದಿಲ್ಲ.

ಕೊನೆಗೆ ನಮ್ಮ ಅಂಗಳದ ಮಾತು. ನಮ್ಮ ಸೀಮೆಗೆ ನೀರು ಸಾಲದು. ೨೦೧೬ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತಂದದ್ದನ್ನು ಈಗಿನ ದೊಡ್ಡ ಮಕ್ಕಳು ಕೇಳಿದ್ದಾರೆ, ಪಾಲಕರು ಕಂಡಿದ್ದಾರೆ. ನಳ ಬರುವದು ಎಂಟು ದಿನಕ್ಕೊಮ್ಮೆ, ಕೆಲವು ಕಡೆ ಟ್ಯಾಂಕರು ಬಂದ ದಿನವೇ ನೀರು. ಆದುದರಿಂದ ಮನೆ ಮನೆಗೂ ಬ್ಯಾರಲು, ಹೌದು, ಪ್ಲಾಸ್ಟಿಕಿನ ಟಾಕಿ. ಡೆಂಗ್ಯೂ ಹರಡುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಮೊಟ್ಟೆ ಇಡುವದು. ಮೊಟ್ಟೆಯು ಸೊಳ್ಳೆಯಾಗಲು ಬೇಸಿಗೆಯಲ್ಲಿ ಏಳೆಂಟು ದಿನ ಸಾಕು. ಅದಕ್ಕಾಗಿ ‘ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ ಒಣಗಿಸಿರಿ’ ಎಂದು ಬೋಧಿಸುವರು. ಬೋಧನೆ ಸರಿಯಾದದ್ದೇ. ಆದರೆ ಹತ್ತು ದಿನಕ್ಕೆ ಒಂದು ಬ್ಯಾರಲು ನೀರು ದೊರೆಯುವ ತಾಯಿಗೆ ಏಳನೆಯ ದಿನ ಅದನ್ನು ಚೆಲ್ಲು ಎನ್ನುವದು, ಹಿಂದೆ ಬಾವಿಯನ್ನು ಬಿಡು ಎಂದ ಮಾತಿನಂತೆಯೇ ಆಗುವದು. ಆಕೆ ಚೆಲ್ಲುವದಿಲ್ಲ, ಆಕೆಯ ಸ್ಥಾನದಲ್ಲಿ ನಾವಿದ್ದರೂ ಚೆಲ್ಲುತ್ತಿರಲಿಲ್ಲ.

ಚೆಲ್ಲಬೇಕಾಗಿಯೂ ಇಲ್ಲ. ಬಿಗಿ ನೇಯ್ಗೆಯ ಹಳೆಯ ಧೋತರದ ತುಂಡನ್ನು ಬ್ಯಾರಲಿನ ಬಾಯಿಗೆ ಹಾಸಿ ಸುತ್ತಲೂ ಹುರಿಯಿಂದ ಬಿಗಿದು ಕಟ್ಟಿದರೆ ಸೊಳ್ಳೆ ಒಳಗೆ ಹೋಗಲಾರದು, ಒಳಗಿದ್ದದ್ದು ಹೊರಗೆ ಬರಲಾರದು. ನೀರು ತೆಗೆಯುವಾಗ ಬಿಚ್ಚಿ ಕೂಡಲೆ ಕಟ್ಟಬೇಕು. ನಡುವೆ ಅರಿವೆ ಜೋತು ಬಿದ್ದರೆ ಅದರ ಮೇಲೆಯೇ ನೀರು ನಿಲ್ಲುವದು, ಆದುದರಿಂದ ಎಳೆದು ಕಟ್ಟಬೇಕು. ಟ್ಯಾಂಕರು ಬರುವ ದಿನ ಬ್ಯಾರಲು ಹೇಗೂ ಬರಿದಾಗಿರುತ್ತದೆ. ಹೊಸ ನೀರು ತುಂಬುವ ಮೊದಲು ಒಳಮೈಯನ್ನು, ಅದರಲ್ಲಿಯೂ ನೀರಿನ ಗೆರೆ ಇದ್ದ ಅಂಚನ್ನು, ತೆಂಗಿನ ಜುಂಗಿನಿಂದ ಚೆನ್ನಾಗಿ ತಿಕ್ಕಬೇಕು. ಸೊಳ್ಳೆಯು ಮೊಟ್ಟೆಯನ್ನು ಅಂಟಿಸುವದು ಆ ಗೆರೆಯ ಮೇಲೆಯೇ. ಆ ಮೊಟ್ಟೆಗಳು ಒಣಗಿದ ಮೇಲೆಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಹೊಸ ನೀರು ತಗಲಿದೊಡನೆ ಒಡೆಯುತ್ತವೆ.